ಕಮಲಾಪುರದ ಜೀಪು ಮತ್ತು ಕಿಟಕಿಯ ಬಾಜಿ

ಮೋಟಾರು ರೇಸಿನ ಮೇಲೆ ಬಾಜಿ ಕಟ್ಟುವುದನ್ನು ನನಗೆ ಕಲಿಸಿದವರು ಒಬ್ಬ ನರ್ಸ್. ಕಲಿತ ಜಾಗ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಪ್ಯಾಸೆಂಜರ್ ಜೀಪಿನ ನಡುವಿನ ಸೀಟು. ನಾನು ಏಕಾದಶಿ, ಮಡಿ, ಮುಸುರೆ ಎಲ್ಲ ಕಟ್ಟುನಿಟ್ಟಾಗಿದ್ದ ವೈಷ್ಣವರ ಮನೆಯ ಹುಡುಗಿ. ನಮ್ಮಲ್ಲಿ ಚೌಕಾಬಾರ ಆಡುವುದಕ್ಕೂ ಅಪ್ಪನ ಅಪ್ಪಣೆ ಬೇಕಿತ್ತು. ಕವಡೆ ಕೈಗೆ ತಾಕಿದರೆ ಸಾಕು, ಜೂಜು ಮೈಗೆ ಅಂಟಿಕೊಳ್ಳುತ್ತದೆ ಎಂದು ಅವರು ನಂಬಿದ್ದರು. ಅಂಥ ಮನೆಯ ಹುಡುಗಿ ಇಪ್ಪತ್ತಾರನೆಯ ವಯಸ್ಸಿನಲ್ಲಿ ಜೂಜಿಗೆ ಬಿದ್ದದ್ದು ದುಡ್ಡಿನ ಆಸೆಗಲ್ಲ. ಬೆಳಿಗ್ಗೆ ತಿಂದದ್ದು ಶಾಲೆ ಮುಟ್ಟುವ ತನಕ ಹೊಟ್ಟೆಯೊಳಗೇ ಇರಲಿ ಎಂಬ ಒಂದೇ ಒಂದು ಕಾರಣಕ್ಕೆ.

ತೊಂಬತ್ತರ ದಶಕದ ಆರಂಭ. ಕಮಲಾಪುರದ ಒಂದು ಶಾಲೆಗೆ ನನ್ನನ್ನು ಗಣಿತದ ಟೀಚರ್ ಎಂದು ಹಾಕಿದ್ದರು. ಅಲ್ಲಿಯ ತನಕ ನಾನು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಹಿಂದಿನ ನಮ್ಮ ಗಲ್ಲಿಯಿಂದ ಕಾಲೇಜಿಗೆ ನಡೆದೇ ಹೋಗಿ ಬಂದವಳು. ನನಗೆ ಗಾಡಿ ಆಗಿಬರುವುದಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಮೊದಲ ದಿನ, ದಾರಿಯ ಅರ್ಧದಲ್ಲಿ, ತೊಡೆಯ ಮೇಲಿಟ್ಟುಕೊಂಡ ಹೊಸ ಚೀಲದ ಬಾಯಿ ತೆರೆದಿದ್ದಾಗ. ಚೀಲದೊಳಗೆ ಇದ್ದದ್ದು ನನ್ನ ನೇಮಕಾತಿ ಆದೇಶ. ಹೆಡ್‌ಮಾಸ್ತರರು ಅದನ್ನು ಒಂದು ಮೂಲೆಯಲ್ಲಿ ಎರಡು ಬೆರಳಿನಿಂದ ಹಿಡಿದರು, ಓದಲು ಹೋಗಲಿಲ್ಲ, ನನ್ನ ಮಾತನ್ನೇ ನಂಬಿ ಕೆಲಸಕ್ಕೆ ಸೇರಿಸಿಕೊಂಡರು.

ಜೀಪುಗಳು ನಿಲ್ಲುತ್ತಿದ್ದದ್ದು ಹುಮನಾಬಾದ್ ರಸ್ತೆ ಶುರುವಾಗುವಲ್ಲಿ. ಮುಂದೆ ಡ್ರೈವರನ ಜೊತೆ ಮೂರು ಗಂಡಸರು, ನಡುವೆ ನಾಲ್ಕು ಹೆಂಗಸರು, ಹಿಂದೆ ಎದುರುಬದುರು ಬೆಂಚಿನ ಮೇಲೆ ಎಷ್ಟು ಜನ ಹಿಡಿದರೆ ಅಷ್ಟು ಜನ. ನಡುವಿನ ಸೀಟಿನ ಎಡತುದಿಗೆ ಕಿಟಕಿ ಇತ್ತು. ಕಿಟಕಿ ಎಂದರೆ ತಾಡಪತ್ರಿಯನ್ನು ಮೇಲಕ್ಕೆ ಸುತ್ತಿ ಹಗ್ಗ ಬಿಗಿದ ಖಾಲಿ ಜಾಗ, ಅಷ್ಟೇ. ಆದರೆ ಅಲ್ಲಿ ಗಾಳಿ ಬರುತ್ತಿತ್ತು. ಉಳಿದ ಕಡೆ ಡೀಸೆಲ್ಲಿನ ವಾಸನೆ, ಎಣ್ಣೆ ಹಚ್ಚಿದ ತಲೆಗಳ ವಾಸನೆ, ಯಾರದೋ ಬುಟ್ಟಿಯ ಒಣಮೀನಿನ ವಾಸನೆ. ಜೀವ ಉಳಿಯಬೇಕಾದರೆ ನನಗೆ ಆ ಕಿಟಕಿ ಬೇಕು ಎಂದು ಎರಡನೆಯ ದಿನವೇ ನಿರ್ಧಾರವಾಯಿತು.

ಅಲ್ಲಿ ಆಪಾ ಕೂತಿದ್ದರು, ಜೀಪಿನವರೆಲ್ಲರಿಗೂ ಅಕ್ಕ. ಮೋಮಿನಪುರದವರು, ಕಮಲಾಪುರದ ಆಸ್ಪತ್ರೆಯಲ್ಲಿ ನರ್ಸ್. ಬಿಳಿ ಸೀರೆ, ಮೈತುಂಬ ಮಾಂಸ, ಕೈಯಲ್ಲಿ ಗಂಡಸರ ಕೊಡೆ. ಹನ್ನೊಂದು ವರ್ಷದಿಂದ ಅದೇ ಜೀಪು, ಅದೇ ಸೀಟು. ಅವರ ಕೊಡೆ ನೇತುಹಾಕಲು ಡ್ರೈವರ್ ಕಿಟಕಿಯ ಪಕ್ಕ ಒಂದು ಕೊಕ್ಕೆ ಸಹ ಬಡಿಸಿಕೊಟ್ಟಿದ್ದ. ನಾನು ವಾಂತಿ ಮಾಡುವಾಗಲೆಲ್ಲ ಅವರು ಒಂದು ಕೈಯಿಂದ ನನ್ನ ಹಣೆ ಹಿಡಿಯುತ್ತಿದ್ದರು, ಬಾಯಿಗೆ ನಿಂಬೆಹಣ್ಣು ಇಡುತ್ತಿದ್ದರು, ಬೆನ್ನು ಸವರುತ್ತಿದ್ದರು. ಸೀಟು ಮಾತ್ರ ಬಿಡುತ್ತಿರಲಿಲ್ಲ.

ವಾರ ಕಳೆದ ಮೇಲೆ ನಾನು ನಾಚಿಕೆ ಬಿಟ್ಟು ಕೇಳಿದೆ. "ಆಪಾ, ನಿಮಗ ಏನೂ ಆಗಂಗಿಲ್ಲಲ್ರೀ. ಕಿಟಕಿ ನನಗ ಕೊಡ್ರಲ್ಲ."

"ಕೇಳಿದ್ರ ಕೊಡೂದಲ್ಲ ಇದು, ತಂಗಿ," ಎಂದರು ಆಪಾ. "ಶರ್ತ ಕಟ್ಟು. ಗೆದ್ದು ತೊಗೊ."

ಮುಂದಿನ ಸೀಟಿನಿಂದ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ತಿರುಗಿ ನೋಡಿ, ಕೈಗಡಿಯಾರವನ್ನು ಕಿವಿಗೆ ಹಿಡಿದು ನಡೆಯುತ್ತಿದೆಯೇ ಎಂದು ಪರೀಕ್ಷಿಸಿದರು. ಈ ಜೂಜಿನ ಪಂಚರು ಅವರೇ ಎಂದು ನನಗೆ ಆಗ ತಿಳಿಯಿತು.

ರೇಸು ಹೀಗಿತ್ತು. ನಮ್ಮದು ಬಿಳಿ ಜೀಪು. ಅದರ ಪಕ್ಕದಲ್ಲೇ ಇನ್ನೊಂದು ನೀಲಿ ಜೀಪು. ಬೇರೆ ಊರುಗಳಲ್ಲಿ ಒಂದು ತುಂಬಿದ ಮೇಲೆ ಇನ್ನೊಂದು ತುಂಬುವುದು ಪದ್ಧತಿ. ಇಲ್ಲಿ ಹಾಗಾಗುವಂತಿರಲಿಲ್ಲ, ಏಕೆಂದರೆ ಇಬ್ಬರು ಡ್ರೈವರುಗಳೂ ಸಡ್ಡಕರು. ಅಕ್ಕನ ಗಂಡ ಬಿಳಿ ಜೀಪಿನವ, ತಂಗಿಯ ಗಂಡ ನೀಲಿ ಜೀಪಿನವ. ಅತ್ತೆಯ ಮನೆಯಲ್ಲಿ ಯಾರಿಗೆ ಮೊದಲು ನೀರು ಕೊಟ್ಟರು, ಯಾರ ಎಲೆಗೆ ಮೊದಲು ಹೋಳಿಗೆ ಬಿತ್ತು ಎಂಬ ತಕರಾರು ರಸ್ತೆಯ ತನಕ ಬಂದಿತ್ತು. ಇಬ್ಬರೂ ಒಂದೇ ಹೊತ್ತಿಗೆ ಕೂಗುತ್ತಿದ್ದರು, ಒಂದೇ ಹೊತ್ತಿಗೆ ತುಂಬಿಸುತ್ತಿದ್ದರು, ಒಂಬತ್ತೂ ಕಾಲಿನ ಸುಮಾರಿಗೆ ಒಂದೇ ಹೊತ್ತಿಗೆ ಬಿಡುತ್ತಿದ್ದರು. ಗಂಟೆಯ ದಾರಿ. ಕಮಲಾಪುರದ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಯಾರು ಮೊದಲು ಗಾಡಿ ನಿಲ್ಲಿಸುತ್ತಾರೋ ಅವರು ಅವತ್ತಿನ ಮಟ್ಟಿಗೆ ಒಳ್ಳೆಯ ಅಳಿಯ.

ದಿನದ ಬಾಜಿ ಎರಡು ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆಹಣ್ಣು, ಒಂದೊಂದು ಮೊಣಕೈಯಷ್ಟು ದಪ್ಪ. ಕಿಟಕಿಯ ಬಾಜಿ ಬೇರೆ. ಅದು ತಿಂಗಳಿಗೊಮ್ಮೆ, ಮೊದಲ ಗುರುವಾರ ಮಾತ್ರ. ಗೆದ್ದವರಿಗೆ ಮುಂದಿನ ಒಂದು ತಿಂಗಳು ಕಿಟಕಿ. ಹಿರಿಯರು ಎಂಬ ಕಾರಣಕ್ಕೆ ಗಾಡಿ ಮೊದಲು ಆರಿಸುವ ಹಕ್ಕು ಆಪಾ ಅವರದು. ಗುರುವಾರವೇ ಏಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವರು ಬಿಳಿ ಎಂದಾಗ ನನಗೆ ಒಳಗೊಳಗೇ ನಗು ಬಂತು.

ಏಕೆಂದರೆ ನಾನು ಗಣಿತದ ಟೀಚರ್. ವೇಳೆ, ವೇಗ, ದೂರದ ಪಾಠವನ್ನು ಆ ವಾರವೇ ಏಳನೆಯ ಇಯತ್ತೆಗೆ ಮಾಡಿದ್ದೆ. ಬಿಳಿ ಜೀಪಿನವ ನಲವತ್ತರ ಮೇಲೆ ಮುಳ್ಳು ಏರಲು ಬಿಡುತ್ತಿರಲಿಲ್ಲ, ಎಂಜಿನ್ನಿಗೆ ನೋವಾಗುತ್ತದೆ ಎನ್ನುತ್ತಿದ್ದ. ನೀಲಿ ಜೀಪಿನವ ಹರೆಯದವ, ಹಾರ್ನಿನಲ್ಲಿ ಹಾಡು ಬಾರಿಸುವವ, ಬಿಟ್ಟರೆ ಅರವತ್ತು. ಇಂಥ ರೇಸಿನಲ್ಲಿ ಬಿಳಿಯ ಮೇಲೆ ಬಾಜಿ ಕಟ್ಟುವವರಿಗೆ ಭಾಗಾಕಾರ ಬರುವುದಿಲ್ಲ ಎಂದೇ ಅರ್ಥ. ನಾನು ನೀಲಿ ಎಂದೆ, ಸೋತೆ. ಮುಂದಿನ ತಿಂಗಳೂ ನೀಲಿ ಎಂದೆ, ಸೋತೆ. ನಡುವಿನ ದಿನಗಳಲ್ಲೂ ಬಾಳೆಹಣ್ಣು ಸೋತೆ. ಬೋರ್ಡಿನ ಮೇಲೆ ಸರಿಯಾಗಿ ಬರುತ್ತಿದ್ದ ಲೆಕ್ಕ ಹುಮನಾಬಾದ್ ರಸ್ತೆಯಲ್ಲಿ ಒಂದು ದಿನವೂ ಬರಲಿಲ್ಲ.

ಆಪಾ ಅವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಕಲಿಸತೊಡಗಿದರು.

"ಗಾಡಿ ನೋಡಬ್ಯಾಡ ತಂಗಿ, ಗಾಡಿ ಎಲ್ಲಿ ಓಡ್ತದ? ಮಂದಿ ನೋಡು. ಆ ನೀಲಿ ಗಾಡ್ಯಾಗ ಹಿಂದ ಯಾರ್ ಕೂತಾರ?"

"ಯಾರೋ ಮದವಿ ಮಂದಿ, ಆರು ಜನ."

"ಆರೂ ಮಂದಿ ಒಂದೇ ಕಡಿ ಇಳೀತಾರ. ಒಂದೇ ಸಲ ಬ್ರೇಕ್. ನಮ್ಮಾಗ ನೋಡು. ಮುದುಕಿ ಒಂದು ಕಡಿ, ಆಡಿನಾಕಿ ಒಂದು ಕಡಿ, ಕೋಳಿಯವ ಇನ್ನೊಂದು ಕಡಿ. ಮ್ಯಾಲ ಆ ಆಡು ಇಳಿಯಾಕ ಒಪ್ಪಬೇಕು. ಇವತ್ತು ನೀಲಿ."

ಅವತ್ತು ನೀಲಿ ಗೆದ್ದಿತು. ಆಡು ನಿಜವಾಗಿಯೂ ಒಪ್ಪಲಿಲ್ಲ.

ಹೀಗೆ ನನ್ನ ವಿದ್ಯಾಭ್ಯಾಸ ನಡೆಯಿತು. ನೀಲಿ ಜೀಪಿನವನ ಮನಸ್ಸು ಮೆತ್ತಗೆ, ಯಾರು ಕೈ ಎತ್ತಿದರೂ ನಿಲ್ಲಿಸುತ್ತಾನೆ. ಸಂತೆಯ ದಿನ ಅವನ ಮೇಲೆ ಕಟ್ಟಬಾರದು. ಬಿಳಿ ಜೀಪಿನವ ಪರಿಚಯದವರಿಗೆ ಮಾತ್ರ ನಿಲ್ಲಿಸುತ್ತಾನೆ, ಆದರೆ ಅವನಿಗೆ ರಸ್ತೆಯ ಉದ್ದಕ್ಕೂ ಎಲ್ಲರೂ ಪರಿಚಯ. ಬೆಳಿಗ್ಗೆ ಮನೆಯಲ್ಲಿ ಜಗಳ ಮಾಡಿ ಬಂದವನು ಜೋರಾಗಿ ಓಡಿಸುತ್ತಾನೆ, ಮಿರ್ಚಿ ಭಜಿ ತಿಂದು ಬಂದವನು ಚಹಾಕ್ಕೆ ನಿಲ್ಲಿಸುತ್ತಾನೆ. ಆಪಾ ಇಬ್ಬರು ಡ್ರೈವರುಗಳ ಮುಖವನ್ನೂ ರೋಗಿಗಳನ್ನು ನೋಡುವಂತೆಯೇ ನೋಡುತ್ತಿದ್ದರು, ನಾಲಿಗೆ ಚಾಚಿಸುವುದೊಂದು ಬಾಕಿ. ನಾನೂ ಕ್ರಮೇಣ ಬಾಳೆಹಣ್ಣು ಗೆಲ್ಲತೊಡಗಿದೆ.

ಗೆದ್ದ ಹಣ್ಣು ಮನೆಗೆ ತಂದ ಮೊದಲ ದಿನ ಅಪ್ಪ ಕೇಳಿದರು. "ಎಲ್ಲಿಂದ ಬಂದವವಾ ಇವು, ಇಷ್ಟು ಛಲೋ ಬಾಳಿಹಣ್ಣು?"

"ಸಾಲಿ ಹುಡುಗರ ಮನೀದು. ಪ್ರೀತಿಯಿಂದ ಕೊಟ್ಟಾರ," ಎಂದೆ.

ಅಪ್ಪನ ಕಣ್ಣು ತುಂಬಿತು. ಗುರುಗಳಿಗೆ ಇಂಥ ಮರ್ಯಾದೆ ಕೊಡುವ ಊರು ಈ ಕಾಲದಲ್ಲೂ ಇದೆಯಲ್ಲ ಎಂದು ಹಣ್ಣನ್ನು ನೇರವಾಗಿ ದೇವರ ಮನೆಗೆ ಒಯ್ದು, ಸುಲಿದು, ತುಳಸಿ ಇಟ್ಟು ನೈವೇದ್ಯ ಮಾಡಿದರು. ಜೂಜಿನ ಹಣ್ಣನ್ನು ದೇವರು ಬೇಡವೆನ್ನಲಿಲ್ಲ. ಪ್ರಸಾದವೆಂದು ನನ್ನ ಕೈಗೂ ಒಂದು ತುಂಡು ಬಂತು, ಕಣ್ಣಿಗೊತ್ತಿಕೊಂಡು ತಿಂದೆ. ಆಮೇಲೆ ನಾನು ಸೋತು ಬರಿಗೈಯಲ್ಲಿ ಬಂದ ದಿನ ಅಪ್ಪ, ಯಾಕೆ, ಇವತ್ತು ಪಾಠ ಸರಿಯಾಗಿ ಮಾಡಲಿಲ್ಲವೇ ಎಂದು ಕೇಳುವ ಮಟ್ಟಕ್ಕೆ ಹೋಯಿತು.

ಬಾಜಿಯಲ್ಲಿ ಒಂದೇ ಒಂದು ದೊಡ್ಡ ಜಗಳವಾದದ್ದು ವಾಂತಿಯ ಕುರಿತು. ಕೂತವರು ತಮ್ಮ ಬಾಜಿಗಾಗಿ ಗಾಡಿ ನಿಲ್ಲಿಸಬಾರದು ಎಂಬುದು ನಿಯಮ. ಆದರೆ ನಾನು ಕೂತದ್ದು ಬಿಳಿಯಲ್ಲಿ, ಬಾಜಿ ಕಟ್ಟಿದ್ದು ನೀಲಿಯ ಮೇಲೆ. ನನಗೆ ವಾಂತಿ ಬಂದು ಬಿಳಿ ಜೀಪು ನಿಂತು, ನೀಲಿ ಗೆದ್ದರೆ? ಒಂದು ದಿನ ಹಾಗೆಯೇ ಆಯಿತು. ಆಪಾ ನಡುರಸ್ತೆಯಲ್ಲಿ ನನ್ನ ಹಣೆ ಹಿಡಿದುಕೊಂಡೇ ಮಾಸ್ತರರ ಹತ್ತಿರ ತಕರಾರು ಎತ್ತಿದರು.

"ಇದು ಅನ್ಯಾಯ ಅದ ಮಾಸ್ತರ್ರ. ವಾಂತಿ ಮಾಡಿ ಗೆಲ್ಲೂದು ಗೆಲುವಾ?"

"ಬೇಕಂತ ಮಾಡಾಕತ್ತೀನೇನ್ರೀ ನಾ?" ಎಂದೆ, ಬಾಯಿ ಬಿಡುವಾದಾಗ.

ಡ್ರಾಯಿಂಗ್ ಮಾಸ್ತರರು ಎರಡು ದಿನ ಯೋಚಿಸಿ ತೀರ್ಪು ಕೊಟ್ಟರು. ವಾಂತಿಯೂ ಪಂಕ್ಚರ್ ಇದ್ದಹಾಗೆ, ಯಾರ ಕೈಯಲ್ಲೂ ಇಲ್ಲ, ಅದು ರೇಸಿನ ಭಾಗವೇ. ಆಪಾ ಒಪ್ಪಲಿಲ್ಲ. ಮನುಷ್ಯರು ಮನಸ್ಸು ಮಾಡಿದರೆ ಎಂಥ ವಾಂತಿಯನ್ನೂ ತಡೆಯಬಹುದು ಎಂದು ಅವರು ಇಡೀ ವಾರ ವಾದಿಸಿದರು. ಅಷ್ಟು ಖಚಿತವಾಗಿ ಹೇಳುತ್ತಾರಲ್ಲ, ಇವರಿಗೇನು ಗೊತ್ತು ನನ್ನ ಸಂಕಟ ಎಂದು ನನಗೆ ಸಿಟ್ಟು ಬಂದಿತ್ತು. ನರ್ಸ್ ಆಗಿ ಇಷ್ಟು ಕಲ್ಲು ಮನಸ್ಸೇ?

ಕಿಟಕಿ ಮಾತ್ರ ಕೈಗೆ ಬರಲಿಲ್ಲ. ಆರು ತಿಂಗಳು, ಆರು ಗುರುವಾರ, ಆರು ಸೋಲು. ಏಳನೆಯ ಗುರುವಾರ ನನಗೆ ಎಷ್ಟು ಸಿಟ್ಟಿತ್ತೆಂದರೆ ಹೊಟ್ಟೆ ತೊಳಸುವುದೂ ಮರೆತುಹೋಯಿತು. ಅದರಿಂದಲೇ ಗುಟ್ಟು ಬಯಲಾದದ್ದು. ಅರ್ಧ ದಾರಿಯಲ್ಲಿ ಒಂದು ಸಣ್ಣ ದರ್ಗಾ ಇದೆ, ರಸ್ತೆಯ ತಿರುವಿನಲ್ಲಿ. ಆ ತಿರುವಿನಿಂದಲೇ ನನ್ನ ಸಂಕಟ ಶುರುವಾಗುತ್ತಿದ್ದರಿಂದ ನಾನು ಯಾವಾಗಲೂ ಅಲ್ಲಿ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಾ ಕೂತಿರುತ್ತಿದ್ದೆ. ಅವತ್ತು ಕಣ್ಣು ಬಿಟ್ಟಿದ್ದೆ. ನೋಡಿದರೆ ನಮಗಿಂತ ಮುಂದೆ ಹೋಗಿದ್ದ ನೀಲಿ ಜೀಪು ದರ್ಗಾದ ಮುಂದೆ ನಿಂತಿದೆ. ಡ್ರೈವರ್ ಇಳಿದು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಊದಿನಕಡ್ಡಿ ಹಚ್ಚಿ, ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಾನೆ. ಬಿಳಿ ಜೀಪಿನವ ಬ್ರೇಕಿಗೆ ಕಾಲನ್ನೇ ಇಡಲಿಲ್ಲ, ತುಟಿ ಅಲ್ಲಾಡಿಸಿ ಒಂದು ನಾಣ್ಯ ಹೊರಗೆ ಎಸೆದು ಮುಂದೆ ಹೋದ. ಇಬ್ಬರೂ ಲಿಂಗ ಕಟ್ಟಿದವರು. ಗುರುವಾರ ದರ್ಗಾಕ್ಕೆ ನಡೆದುಕೊಳ್ಳುವುದು, ಅಂದರೆ ಭಕ್ತಿ ಸಲ್ಲಿಸುವುದು, ಮಾತ್ರ ಅವರ ಮಾವನ ಮನೆಯ ಪದ್ಧತಿ. ತಂಗಿಯ ಗಂಡ ಇಳಿದು ನಡೆದುಕೊಳ್ಳುತ್ತಿದ್ದ, ಅಕ್ಕನ ಗಂಡ ಓಡುತ್ತಲೇ.

ನಾನು ಆಪಾ ಕಡೆ ತಿರುಗಿದೆ. ಅವರು ಕಿಟಕಿಯ ಹೊರಗೆ ಮುಖ ಮಾಡಿ, ತೊಗರಿ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಗುರುವಾರ ಬದಲಿಸುವಂತಿರಲಿಲ್ಲ, ಗಾಡಿ ಬದಲಿಸುವಂತಿರಲಿಲ್ಲ. ದಾರಿ ತೋರಿಸಿದವರು ಆಪಾ ಅವರೇ, ತಮಗೆ ಗೊತ್ತಿಲ್ಲದೆ. ಒಂದು ಬುಧವಾರ ಸಂಜೆ ವಾಪಸು ಬರುವಾಗ, ಹೊತ್ತು ಮುಳುಗಿದ ಕೂಡಲೇ ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಏನೋ ಪಠಿಸಿದರು. ಏನೆಂದು ಕೇಳಿದೆ.

"ಜುಮೇರಾತ್ ಅಲ್ಲೇನು ಇವತ್ತು, ಗುರುವಾರ," ಎಂದರು.

"ಗುರುವಾರ ನಾಳೆ ರೀ ಆಪಾ."

"ನಿಮ್ಮಾಗ ನಾಳೆ. ನಮ್ಮಾಗ ಹೊತ್ತು ಮುಳುಗ್ತಂದ್ರ ಮರುದಿನ ಬಂತು."

ನಮ್ಮ ಮನೆಯಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಅಪ್ಪ ಪಂಚಾಂಗ ಹಿಡಿದು ಅದಕ್ಕಿಂತ ಒಂದು ನಿಮಿಷ ಮೊದಲು ತಿಥಿ ಬದಲಾಗಲು ಬಿಡುವವರಲ್ಲ. ಹುಮನಾಬಾದ್ ರಸ್ತೆಯಲ್ಲಿ ನನ್ನ ಲೆಕ್ಕ ಮೊದಲ ಸಲ ಸರಿಯಾಗಿ ಬಂದದ್ದು ಅವತ್ತೇ.

ಮುಂದಿನ ತಿಂಗಳ ಮೊದಲ ಗುರುವಾರದ ಹಿಂದಿನ ಸಂಜೆ, ಶಾಲೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಉಳಿದು ನೀಲಿ ಜೀಪು ಹತ್ತಿದೆ. ಚೀಲದಲ್ಲಿ ನಮ್ಮ ದೇವರ ಮನೆಯಿಂದ ಕದ್ದು ತಂದ ಊದಿನಕಡ್ಡಿ ಇತ್ತು. ದರ್ಗಾದ ತಿರುವಿಗೆ ಬರುವಾಗ ಹೊತ್ತು ಮುಳುಗಿತ್ತು. "ಗಾಡಿ ನಿಲ್ಲಸ್ರೀ, ಇವತ್ತೇ ನಡಕೊಂಡು ಬರ್ರಿ," ಎಂದೆ.

ಡ್ರೈವರ್ ಹಿಂದೆ ತಿರುಗಿದ. "ನಾಳಿಗಿ ಅಲ್ರೀ ಟೀಚರ್ರ ಗುರುವಾರ?"

"ದರ್ಗಾದಾಗ ಅವರ ಲೆಕ್ಕ ನಡೀಬೇಕೋ, ನಮ್ಮ ಲೆಕ್ಕ ನಡೀಬೇಕೋ? ಅವರ ಲೆಕ್ಕದಾಗ ಈಗ ಗುರುವಾರ ಬಂದದ."

ಅವನಿಗೆ ನಂಬಿಕೆ ಬರಲಿಲ್ಲ. ಇಳಿದು ಹೋಗಿ ಅಲ್ಲಿಯ ಮುದುಕ ಮುಜಾವರನ್ನೇ ಕೇಳಿದ. ದರ್ಗಾ ನೋಡಿಕೊಳ್ಳುವ ಆ ಅಜ್ಜ ಆಕಾಶ ನೋಡಿ, ನನ್ನನ್ನು ನೋಡಿ, "ಹೌದಪಾ, ಬಾಯಾರು ಖರೇ ಹೇಳಾಕತ್ತಾರ," ಎಂದ. ನೀಲಿ ಜೀಪಿನವ ನಮ್ಮ ದೇವರ ಮನೆಯ ಊದಿನಕಡ್ಡಿ ಹಚ್ಚಿ, ಕಟ್ಟೆಯ ಮೇಲೆ ಕೂತು, ತನ್ನ ಗುರುವಾರವನ್ನು ಬುಧವಾರವೇ ಮುಗಿಸಿದ. ಹನ್ನೆರಡು ಪ್ರಯಾಣಿಕರು ಕಾಯ್ದರು. ಯಾರೂ ಏನೂ ಅನ್ನಲಿಲ್ಲ, ದೇವರ ಕೆಲಸ.

ಮರುದಿನ ಆಪಾ ಎಂದಿನಂತೆ ಬಿಳಿ ಎಂದರು, ನಾನು ನೀಲಿ ಎಂದೆ. ದರ್ಗಾದ ತಿರುವಿನಲ್ಲಿ ನೀಲಿ ಜೀಪು ಇರಲಿಲ್ಲ. ಬರೀ ಕಟ್ಟೆ ಇತ್ತು, ಒಂದು ನಾಯಿ ಮಲಗಿತ್ತು. ಆಪಾ ಕತ್ತು ಹೊರಗೆ ಹಾಕಿ ಹಿಂದೆ ನೋಡಿದರು, ಮುಂದೆ ನೋಡಿದರು. ಕಮಲಾಪುರ ಮುಟ್ಟಿದಾಗ ಬೇವಿನ ಗಿಡದ ಕೆಳಗೆ ನೀಲಿ ಜೀಪಿನವ ಅರ್ಧ ಚಹಾ ಮುಗಿಸಿದ್ದ. ನಾನು ಸ್ಟ್ಯಾಂಡಿನಲ್ಲೇ ಕೂಗಿದೆ. ನನ್ನ ಏಳನೆಯ ಇಯತ್ತೆಯ ಮಕ್ಕಳು ನೋಡುತ್ತಿದ್ದರು, ಅದರ ಪರಿವೆಯೇ ಇರಲಿಲ್ಲ. ಆಪಾ ಕೊಕ್ಕೆಯಿಂದ ಕೊಡೆ ತೆಗೆದುಕೊಂಡರು.

ಶುಕ್ರವಾರ ಬೆಳಿಗ್ಗೆ ನಾನು ಕಿಟಕಿಯಲ್ಲಿ ಕೂತೆ. ನನ್ನ ಹಳೆಯ ಜಾಗದಲ್ಲಿ ಆಪಾ. ಗಾಳಿ ಮುಖಕ್ಕೆ ಬಡಿಯಿತು, ತೊಗರಿಯ ಹೂವು ಕಂಡಿತು, ಹಕ್ಕಿ ಕಂಡಿತು. ಈ ರಸ್ತೆಯಲ್ಲಿ ಹಕ್ಕಿಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ದರ್ಗಾ ದಾಟಿದ ಮೇಲೆ, ಯಾವಾಗಲೂ ಮಾತಾಡುವ ಆಪಾ ಏಕೆ ಉತ್ತರ ಕೊಡುತ್ತಿಲ್ಲ ಎಂದು ತಿರುಗಿದೆ. ಅವರ ಮೇಲ್ತುಟಿಯ ಮೇಲೆ ಬೆವರಿತ್ತು. ಅವರ ಕೈ ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಗಟ್ಟಿಯಾಗಿ ಹಿಡಿಯಿತು.

"ನಿಲ್ಲಸು," ಎಂದರು ಆಪಾ, ಡ್ರೈವರನಿಗೆ.

ಅವನಿಗೆ ಅರ್ಥವಾಗಲಿಲ್ಲ. "ಯಾಕ್ರೀ ಆಪಾ, ಯಾರರ ರೋಗಿ ಕಂಡರೇನು?"

"ನಿಲ್ಲಸೋ!"

ರಸ್ತೆಯ ಪಕ್ಕದಲ್ಲಿ ಆಪಾ ಬಗ್ಗಿ ನಿಂತರು. ನಾನು ಅವರ ಹಣೆ ಹಿಡಿದೆ, ಅವರು ನನ್ನ ಹಣೆ ಹಿಡಿಯುತ್ತಿದ್ದ ಹಾಗೆಯೇ. ನನಗೆ ತೋಚಿದ್ದು ಅದೊಂದೇ. ಎಲ್ಲ ಮುಗಿದ ಮೇಲೆ ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ಯಾರಿಗೂ ಹೇಳಬ್ಯಾಡ," ಎಂದರು. ಜೀಪಿನಲ್ಲಿ ಹದಿನಾಲ್ಕು ಜನ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು.

"ಆಪಾ, ನಿಮಗೂ?"

"ಹನ್ನೊಂದು ವರ್ಷ," ಎಂದರು. "ಕಿಟಕಿ ಒಂದೇ ಇದ್ರ ಸಾಲಂಗಿಲ್ಲ. ಕಿಟಕಿ ಬೇಕು, ಮ್ಯಾಲ ಈ ಶರ್ತದ ಮಾತೂ ಬೇಕು. ಆ ಗಾಡಿ ಈ ಗಾಡಿ ಅಂತ ತಲಿ ನಡದ್ರ ಹೊಟ್ಟಿ ಸುಮ್ನ ಕೂಡ್ತದ. ನರ್ಸ್ ಬಾಯಿನೇ ದಿನಾ ವಾಂತಿ ಮಾಡ್ತಾಳ ಅಂದ್ರ ಆ ಊರಾಗ ನನ್ನ ಕೈಯಾಗಿನ ಗುಳಿಗಿ ಯಾರ್ ನುಂಗ್ತಾರ ತಂಗಿ?"

ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ಆದೇಶದ ಮೇಲೆ ವಾಂತಿ ಮಾಡಿದ ದಿನವೂ ಆಗಿರಲಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಈ ಹೆಂಗಸು ತನ್ನ ಹೊಟ್ಟೆಯನ್ನು ಬಿಗಿಹಿಡಿದುಕೊಂಡು ನನ್ನ ಹಣೆ ಹಿಡಿದಿದ್ದರು. ನಾನು ಅವರ ದೇವರ ವಾರವನ್ನೇ ಹಿಂದೆ ಮುಂದೆ ಮಾಡಿ ಅವರ ಕಿಟಕಿ ಕಿತ್ತುಕೊಂಡಿದ್ದೆ. ಬುಧವಾರದ ಕಥೆಯನ್ನು ಅಲ್ಲೇ ಒಪ್ಪಿಕೊಂಡೆ.

"ಗೊತ್ತದ. ನಿನ್ನಿ ಸಂಜೀಕನ ಮುಜಾವರ್ ಹೇಳ್ಯಾನ," ಎಂದರು ಆಪಾ. "ಅದರಾಗ ತಪ್ಪಿಲ್ಲ. ತಲಿ ಓಡಿಸಿ ಗೆದ್ದಿ. ನಾನೇ ಕಲಿಸೀನಿ, ನಾನೇ ಸೋತೀನಿ. ಹತ್ತು ಗಾಡಿ."

ಕಿಟಕಿ ವಾಪಸು ತೆಗೆದುಕೊಳ್ಳಿ ಎಂದು ಎಷ್ಟು ಕೇಳಿದರೂ ಕೇಳಲಿಲ್ಲ. ಶರ್ತ ಅಂದರೆ ಶರ್ತ. ಶನಿವಾರವೂ ನಡುವೆಯೇ ಕೂತರು, ಶನಿವಾರವೂ ಜೀಪು ನಿಂತಿತು. ಕಮಲಾಪುರದಲ್ಲಿ ಅಷ್ಟರಲ್ಲಾಗಲೇ ನರ್ಸ್ ಬಾಯಿಗೆ ಯಾವುದೋ ದೊಡ್ಡ ರೋಗ ಎಂದು ಸುದ್ದಿ ಹಬ್ಬಿತ್ತು. ನಾನು ಭಾನುವಾರವಿಡೀ ಯೋಚಿಸಿ, ಕಿಟಕಿ ಸೋತೇ ಬಿಡುವುದು ಎಂದು ನಿರ್ಧರಿಸಿದೆ.

ಸೋಮವಾರ ದೇವರು ನನ್ನ ಕಡೆಗೆ ಇದ್ದಂತಿತ್ತು. ನೀಲಿ ಜೀಪು ಕಲ್ಲುಗಳ ಮೇಲೆ ನಿಂತಿತ್ತು. ಮುಂದಿನ ಎರಡು ಗಾಲಿಯೂ ಇರಲಿಲ್ಲ, ಪಂಕ್ಚರ್ ಅಂಗಡಿಗೆ ಹೋಗಿದ್ದವು. ಡ್ರೈವರ್ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಾ, "ಇವತ್ತು ನಂದು ರಜಾ," ಎನ್ನುತ್ತಿದ್ದ.

"ಇವತ್ತು ಕಿಟಕಿ ಶರ್ತ ಕಟ್ಟೂಣು," ಎಂದೆ ನಾನು. "ನಂದು ನೀಲಿ."

ಆಪಾ ಕಲ್ಲಿನ ಮೇಲಿದ್ದ ನೀಲಿ ಜೀಪನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಕೆಂಪಾಯಿತು. "ಬೇಕಂತ ಸೋಲೂದು ಹರಾಮ್ ಅದ. ಭಿಕ್ಷಾ ಹಾಕಾಕತ್ತಿಯೇನು ನನಗ? ಮಾಸ್ತರ್ರ, ಬರಕೋರಿ, ನಂದೂ ನೀಲಿ."

ಡ್ರಾಯಿಂಗ್ ಮಾಸ್ತರರು ಕಂಗಾಲಾದರು. ಇದು ಗುರುವಾರವಲ್ಲ ಎಂದರು, ಯಾರೂ ಕೇಳಲಿಲ್ಲ. ಇಬ್ಬರೂ ಗಾಲಿಯಿಲ್ಲದ ಗಾಡಿಯ ಮೇಲೆ ಕಟ್ಟಿದರೆ ನಾನು ಏನು ತೀರ್ಪು ಕೊಡಲಿ ಎಂದರು, ಅದನ್ನೂ ಯಾರೂ ಕೇಳಲಿಲ್ಲ. ಕೊನೆಗೆ ಅವರು, ಹಾಗಾದರೆ ಬಿಳಿ ನನ್ನದು, ಫಲಿತಾಂಶ ಬರುವ ತನಕ ಕಿಟಕಿಯಲ್ಲಿ ಯಾರೂ ಕೂಡಬಾರದು ಎಂದು ಹೇಳಿ ತಮ್ಮ ಊಟದ ಡಬ್ಬಿಯನ್ನು ಅಲ್ಲಿಟ್ಟರು. ಹಿಂದೆ ಜನ ಒಬ್ಬರ ಮೇಲೊಬ್ಬರು ಕೂತಿದ್ದರು, ಇಬ್ಬರು ಏಣಿಗೆ ಜೋತುಬಿದ್ದಿದ್ದರು. ಕಿಟಕಿಯ ಸೀಟಿನಲ್ಲಿ ಮಾಸ್ತರರ ಡಬ್ಬಿ ಒಂದೇ ಗಾಳಿ ತೆಗೆದುಕೊಳ್ಳುತ್ತಾ ಹೋಯಿತು.

ಡಬ್ಬಿಯ ಪಕ್ಕ ನಾವಿಬ್ಬರು, ಕೈಯಲ್ಲಿ ಒಂದೇ ನಿಂಬೆಹಣ್ಣು. ಸಿಟ್ಟಿನಲ್ಲಿ ಮಾತು ಬಿಟ್ಟಿದ್ದರಿಂದ ಬಾಜಿಯ ಮಾತೂ ಇಲ್ಲ. ದರ್ಗಾದ ತಿರುವಿನಲ್ಲಿ ಜೀಪು ನನಗಾಗಿ ನಿಂತಿತು. ಅಲ್ಲಿಂದ ಸ್ವಲ್ಪ ಮುಂದೆ ಆಪಾ ಅವರಿಗಾಗಿ ನಿಂತಿತು. ಮೂರನೆಯ ಸಲ ಇಬ್ಬರೂ ಒಟ್ಟಿಗೆ ಇಳಿದೆವು. ಒಬ್ಬರ ಹಣೆ ಒಬ್ಬರು ಹಿಡಿದುಕೊಂಡು ರಸ್ತೆಯ ಪಕ್ಕ ಬಗ್ಗಿ ನಿಂತಿದ್ದಾಗ ಹಿಂದಿನಿಂದ ಹಾರ್ನಿನ ಹಾಡು ಕೇಳಿಸಿತು.

ನೀಲಿ ಜೀಪು. ನಾಲ್ಕೂ ಗಾಲಿಯ ಮೇಲೆ ಧೂಳೆಬ್ಬಿಸಿಕೊಂಡು ನಮ್ಮನ್ನು ದಾಟಿ ಹೋಯಿತು. ಮುಂದಿನ ಸೀಟಿನಲ್ಲಿ ಇಬ್ಬರೂ ಡ್ರೈವರುಗಳ ಅತ್ತೆ, ತೊಡೆಯ ಮೇಲೆ ಗಂಟು ಇಟ್ಟುಕೊಂಡು, ನೇರವಾಗಿ ಮುಂದೆ ನೋಡುತ್ತಾ ಕೂತಿದ್ದಳು. ಅತ್ತೆ ಕಮಲಾಪುರಕ್ಕೆ ಹೋಗಬೇಕು ಎಂದು ಬಂದು ನಿಂತದ್ದಕ್ಕೆ ಎರಡು ಗಾಲಿಯೂ ಕಾಲು ಗಂಟೆಯಲ್ಲಿ ಹುಟ್ಟಿಕೊಂಡಿದ್ದವು. ಬಿಳಿ ಜೀಪಿನವ ಸ್ಟಿಯರಿಂಗಿನ ಮೇಲೆ ತಲೆ ಇಟ್ಟ. ಹನ್ನೊಂದು ವರ್ಷದಲ್ಲಿ ಅವನು ಸೋತದ್ದು ಬಹಳ ಸಲ. ಅತ್ತೆಯ ಕಣ್ಣೆದುರು ಸೋತದ್ದು ಅದೇ ಮೊದಲು.

ಬೇವಿನ ಗಿಡದ ಕೆಳಗೆ ಮಾಸ್ತರರು ಗಡಿಯಾರ ನೋಡಿ, ಅದನ್ನು ಕಿವಿಗೂ ಹಿಡಿದು, ತೀರ್ಪು ಕೊಟ್ಟರು. "ನೀಲಿ ಗೆದ್ದದ. ಇಬ್ಬರೂ ಗೆದ್ದೀರಿ. ಕಿಟಕಿ ಇಬ್ಬರದೂ." ಹೇಳಿ, ತಮ್ಮ ಡಬ್ಬಿ ತೆಗೆದುಕೊಂಡು ಶಾಲೆಯ ಕಡೆ ನಡೆದರು. ಆ ದಿನದ ನಂತರ ಅವರು ಪಂಚರಾಗಲು ಒಪ್ಪಲಿಲ್ಲ.

ಒಂದು ಸೀಟು, ಇಬ್ಬರು ಗೆದ್ದವರು. ಮರುದಿನ ಆಪಾ ಕಿಟಕಿಯ ಸೀಟಿನ ಒಳಗಿನ ಅರ್ಧದಲ್ಲಿ ಕೂತು, ಹೊರಗಿನ ಅರ್ಧವನ್ನು ಕೈಯಿಂದ ತಟ್ಟಿ ತೋರಿಸಿದರು. ಅವರ ಅರ್ಧ ದೊಡ್ಡದಿತ್ತು. ನಾನು ಒಂದು ಕಾಲನ್ನು ಹೊರಗಿನ ಪಾವಟಿಗೆಯ ಮೇಲಿಟ್ಟು ಹೇಗೋ ಸೇರಿಕೊಂಡೆ. ಒಂದೇ ಕಿಟಕಿಯಿಂದ ಎರಡು ತಲೆ ಹೊರಗೆ. ಯಾವ ಗಾಡಿ, ಯಾರ ಮುಖ ಹೇಗಿದೆ, ಹಿಂದೆ ಎಷ್ಟು ಕೋಳಿ ಎಂದು ಕಮಲಾಪುರದ ತನಕ ಜಗಳ. ಅವತ್ತು ಜೀಪು ನಿಲ್ಲಲಿಲ್ಲ. ಅದರ ಮುಂದೆ ನಾಲ್ಕು ವರ್ಷ ನಮ್ಮಿಬ್ಬರಿಗಾಗಿ ಅದು ಒಂದು ದಿನವೂ ನಿಲ್ಲಲಿಲ್ಲ. ನರ್ಸ್ ಬಾಯಿಯ ದೊಡ್ಡ ರೋಗ ವಾಸಿಯಾಯಿತೆಂದು ಕಮಲಾಪುರದವರೂ ಸಮಾಧಾನಪಟ್ಟರು.

ನಾಲ್ಕು ವರ್ಷದ ಮೇಲೆ ಆಪಾ ನಿವೃತ್ತರಾದರು. ಕೊನೆಯ ದಿನ ಇಳಿಯುವಾಗ ಕೊಡೆಯನ್ನು ಕೊಕ್ಕೆಯಲ್ಲೇ ಬಿಟ್ಟು, "ಇರಲಿ, ಕಿಟಕಿಗಿ ಬೇಕಾಗ್ತದ," ಎಂದರು. ಮರುದಿನ ಇಡೀ ಕಿಟಕಿ ನನ್ನದಾಯಿತು. ಎರಡೂ ಕಾಲು ಒಳಗಿಟ್ಟು, ಅಗಲವಾಗಿ ಕೂತೆ. ಗಾಳಿ ಬೇಕಾದಷ್ಟು ಬರುತ್ತಿತ್ತು. ನೀಲಿ ಜೀಪಿನ ಹಿಂದೆ ಒಂದು ಆಡು ಇತ್ತು. ಇವತ್ತು ಬಿಳಿ ಎಂದು ಹೇಳಲು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಗುರುತಿಲ್ಲದ ಹೆಂಗಸು ನಿದ್ದೆ ಮಾಡುತ್ತಿದ್ದಳು. ದರ್ಗಾದ ತಿರುವು ಬರುವ ಮೊದಲೇ ನಾನು ಗಾಡಿ ನಿಲ್ಲಿಸಿದೆ.